ಎರಡು ಬಿಟ್ ತಪ್ಪಿದ ದಿನ

ನಮ್ಮ ಕಡೆ ಬಸ್ಸು ಇರುವುದು ಜನರ ಓಡಾಟಕ್ಕೆ ಮಾತ್ರ ಅಲ್ಲ. ಸಾಗರದಲ್ಲಿ ಹೊಲಿಸಿದ ರವಿಕೆ, ಹೊಸನಗರದಲ್ಲಿ ರಿಪೇರಿಯಾದ ಮಿಕ್ಸಿ ಜಾರು, ತೀರ್ಥಹಳ್ಳಿಯ ಮೆಡಿಕಲ್ ಶಾಪಿನ ಮಾತ್ರೆ, ಯಾರದೋ ಮನೆಯ ಸೇವಂತಿಗೆ ಗಿಡ, ಎಲ್ಲವೂ ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ ಕೂತು ಊರಿಂದ ಊರಿಗೆ ಹೋಗುತ್ತವೆ. ವಿಳಾಸ ಬರೆಯುವ ಪದ್ಧತಿ ಇಲ್ಲ, ಬಾಯಲ್ಲಿ ಹೇಳಿದರೆ ಮುಗಿಯಿತು. "ಕೋಣಂದೂರು ದಾಟಿದ್ ಮೇಲೆ ಸಂಕದ ಸ್ಟಾಪು, ಒಬ್ರು ಅಮ್ಮ ಬಂದು ನಿಂತಿರ್ತಾರೆ" ಎಂದರೆ ಕಂಡಕ್ಟರು ತಲೆಯಾಡಿಸುತ್ತಾರೆ. ಸಂಕ ಎಂದರೆ ಹಳ್ಳದ ಮೇಲಿನ ಸಣ್ಣ ಸೇತುವೆ. ಅದರ ಪಕ್ಕದಲ್ಲಿ ನಿಂತಿರುವ ಅಮ್ಮ ನಾನು.

ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೆಸರಿಲ್ಲ, ನಂಬರಿಲ್ಲ, ರಸೀದಿಯಂತೂ ಕೇಳುವುದೇ ಬೇಡ. ತಪ್ಪಿ ಬೇರೆಯವರ ಕೈಸೇರಿದರೆ ಏನು ಗತಿ ಎಂದು ಗಂಡನನ್ನು ಕೇಳಿದ್ದೆ. ಅವರು ಹೈಸ್ಕೂಲು ಮಾಸ್ತರು, ಯಾವುದಕ್ಕೂ ಅವಸರ ಮಾಡುವವರಲ್ಲ. "ತಪ್ಪಿದ್ರೆ ವಾಪಸ್ ಬತ್ತದೆ" ಎಂದು ಪೇಪರಿನಿಂದ ತಲೆಯೆತ್ತದೆ ಹೇಳಿದ್ದರು. ಆ ಉತ್ತರಕ್ಕೆ ನಾನು ಎರಡು ದಿನ ಮಾತು ಬಿಟ್ಟಿದ್ದೆ.

ನನ್ನ ಸಿಟ್ಟಿಗೆ ಕಾರಣ ನನ್ನ ಕಸುಬೂ ಇರಬಹುದು. ಯಾವುದನ್ನೂ ಬಾಯಿಮಾತಿನ ಮೇಲೆ ನಂಬಬಾರದು ಎನ್ನುವುದನ್ನೇ ನಾನು ಓದಿದ್ದು. ಕಂಪ್ಯೂಟರಿನ ಮೆಮೊರಿಯಲ್ಲಿ ಇರುವುದು ಸೊನ್ನೆ ಮತ್ತು ಒಂದು, ಎರಡೇ. ಅವನ್ನು ಬಿಟ್ ಎನ್ನುತ್ತಾರೆ. ಒಮ್ಮೊಮ್ಮೆ ಯಾರೂ ಮುಟ್ಟದೆ ಒಂದು ಬಿಟ್ ತನ್ನಷ್ಟಕ್ಕೆ ಮಗುಚಿಕೊಂಡುಬಿಡುತ್ತದೆ. ಅದಕ್ಕಾಗಿ ಅರವತ್ನಾಲ್ಕು ಬಿಟ್ ಬರೆಯುವಾಗ ಜೊತೆಗೆ ಎಂಟು ಕಾವಲು ಬಿಟ್‌ಗಳನ್ನೂ ಬರೆದಿಡುತ್ತಾರೆ. ಒಂದೊಂದು ಕಾವಲಿಗೂ ಒಂದೊಂದು ಗುಂಪು. ತನ್ನ ಗುಂಪಿನಲ್ಲಿ ಒಂದುಗಳ ಸಂಖ್ಯೆ ಸಮವೋ ಬೆಸವೋ ಎನ್ನುವುದಷ್ಟೇ ಅದಕ್ಕೆ ಗೊತ್ತು. ಆದರೆ ಪ್ರತಿ ಬಿಟ್ಟೂ ಒಂದಕ್ಕಿಂತ ಹೆಚ್ಚು ಗುಂಪಿನಲ್ಲಿ ಇರುತ್ತದೆ. ಓದುವಾಗ ಯಾವ ಯಾವ ಕಾವಲುಗಳು 'ನನ್ನ ಲೆಕ್ಕ ತಪ್ಪಿದೆ' ಎನ್ನುತ್ತವೆಯೋ ನೋಡಿ, ಸರಿಯಾಗಿ ಆ ಗುಂಪುಗಳಿಗೇ ಸೇರಿದ ಬಿಟ್ ಯಾವುದೆಂದು ಹುಡುಕಿದರೆ ಕಳ್ಳ ಸಿಕ್ಕಿಬೀಳುತ್ತಾನೆ. ಒಂದು ಬಿಟ್ ತಪ್ಪಿದರೆ ಹೀಗೆ ಹಿಡಿದು ಸರಿಮಾಡಬಹುದು. ಎರಡು ತಪ್ಪಿದರೆ 'ಎಲ್ಲೋ ತಪ್ಪಿದೆ' ಎಂದು ಕೂಗಬಹುದು, ಎಲ್ಲಿ ಎಂದು ಹೇಳಲಾಗುವುದಿಲ್ಲ.

ನನ್ನ ಪಾಲಿನ ಕೆಲಸ ಈ ಕಾವಲು ಬಿಟ್‌ಗಳನ್ನು ಲೆಕ್ಕಹಾಕುವ ಸರ್ಕ್ಯೂಟಿನದು. ಅದಕ್ಕೆ ಎನ್‌ಕೋಡರ್ ಎನ್ನುತ್ತಾರೆ. ಮೆಮೊರಿಗೆ ಏನೇ ಬರೆಯಬೇಕಾದರೂ ಮೊದಲು ಈ ಲೆಕ್ಕ ಮುಗಿಯಬೇಕು, ಅಲ್ಲಿಯವರೆಗೆ ಎಲ್ಲವೂ ಕಾಯುತ್ತಿರಬೇಕು. ಏಳು ಗುಂಪುಗಳ ಲೆಕ್ಕ ಬೇಗ ಮುಗಿದು ಒಂದು ತಡಮಾಡಿದರೆ ಒಟ್ಟು ತಡವೇ. ಹಾಗಾಗಿ ಯಾವ ಗುಂಪಿಗೂ ಹೊರೆ ಹೆಚ್ಚಾಗದಂತೆ ಹಂಚಬೇಕು, ಇಬ್ಬರಿಗೆ ಬೇಕಾದ ಕೂಡುವಿಕೆಯನ್ನು ಒಂದೇ ಸಲ ಮಾಡಿ ಇಬ್ಬರಿಗೂ ಕೊಡಬೇಕು. ಅಡುಗೆಮನೆಯಲ್ಲಿ ಒಂದೇ ತೆಂಗಿನಕಾಯಿ ತುರಿದು ಪಲ್ಯಕ್ಕೂ ಸಾರಿಗೂ ಹಂಚಿದಂತೆ. ಕೇಳಿದರೆ ಸಣ್ಣ ಕೆಲಸ ಅನ್ನಿಸುತ್ತದೆ. ನನಗೆ ಮಾತ್ರ ಅದರಲ್ಲಿ ಕೂತರೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯುತ್ತಿರಲಿಲ್ಲ.

ಮಾವನವರು ಹಾಸಿಗೆ ಹಿಡಿದಾಗ ನಾನು ಕೆಲಸ ಬಿಟ್ಟು ಊರಿಗೆ ಬಂದೆ. ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಅವರು ಒಳ್ಳೆಯ ಮನುಷ್ಯ, ಕೊನೆಯವರೆಗೂ ನನ್ನ ಕಾಫಿಯನ್ನು ಹೊಗಳಿದರು. ಅವರು ಹೋದ ಮೇಲೆ ಮತ್ತೆ ಕೆಲಸ ಹುಡುಕಲು ಕೂತೆ. ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಿದ್ದರು, ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಎಂದು. ಕೊನೆಗೆ ಆಸ್ಪತ್ರೆಯ ಯಂತ್ರಗಳಿಗೆ ಸರ್ಕ್ಯೂಟ್ ಮಾಡುವ ಒಂದು ಸಣ್ಣ ಕಂಪನಿಯವರು ಆ ಪ್ರಶ್ನೆ ಕೇಳದೆ ಒಂದು ಬೋರ್ಡು ಕಳಿಸಿಕೊಟ್ಟರು. ನಾವು ಬರೆದ ಸರ್ಕ್ಯೂಟನ್ನು ಹಾಕಿ ಓಡಿಸಿ ನೋಡಬಹುದಾದಂಥ ಬೋರ್ಡು ಅದು. ನಿಮ್ಮ ಎನ್‌ಕೋಡರನ್ನು ಇದರ ಮೇಲೆ ಓಡಿಸಿ ತೋರಿಸಿ, ಸರಿಹೋದರೆ ಮನೆಯಿಂದಲೇ ಕೆಲಸ ಮಾಡಬಹುದು, ಇಲ್ಲವಾದರೆ ಇನ್ನೊಬ್ಬರು ಸಿದ್ಧರಿದ್ದಾರೆ ಎಂದರು. ಈ ವಿಷಯ ಗಂಡನಿಗೆ ಬಿಟ್ಟರೆ ಯಾರಿಗೂ ನಾನು ಹೇಳಲಿಲ್ಲ. ಆಗಲಿಲ್ಲವೆಂದು ಆಮೇಲೆ ಹತ್ತು ಜನರಿಗೆ ಹೇಳುತ್ತ ತಿರುಗುವುದು ನನ್ನಿಂದ ಆಗದ ಮಾತು. ಇದೂ ಕೈತಪ್ಪಿದರೆ ಇನ್ನು ಯಾರ ಬಾಗಿಲನ್ನೂ ತಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದೆ.

ತೋರಿಸಬೇಕಾದ ವಾರವೇ ಸಿಡಿಲು ಬಡಿಯಿತು. ಮಳೆಗಾಲಕ್ಕೆ ಮುಂಚಿನ ಗುಡುಗಿಗೆ ನಮ್ಮ ಲೈನಿನಲ್ಲಿ ಟಿವಿ, ಫ್ರಿಜ್ಜು ಹೋಗುವುದು ಇದ್ದದ್ದೇ. ಈ ಸಲ ನನ್ನ ಬೋರ್ಡಿಗೆ ಕರೆಂಟು ಕೊಡುವ ಭಾಗ ಸುಟ್ಟಿತು. ಸಾಗರದಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಮೊಬೈಲ್ ರಿಪೇರಿ ಮಾಡುವ ಒಬ್ಬರಿದ್ದಾರೆ, ಸಣ್ಣ ಚಿಪ್ಪುಗಳನ್ನು ಬೆಸೆಯುವುದರಲ್ಲಿ ಒಳ್ಳೆಯ ಕೈ. ಅಲ್ಲಿಗೆ ಹೋಗಿ ಕೊಟ್ಟುಬಂದೆ. ತೋರಿಸಬೇಕಾದ ದಿನ ಬೆಳಿಗ್ಗೆ ಅವರ ಫೋನು ಬಂತು. "ರೆಡಿ ಆಯ್ತು ಅಕ್ಕಾ. ಬಸ್ಸಿಗೆ ಕೊಟ್ಟಿದೀನಿ. ಹೊಸ್ನಗರದಲ್ಲಿ ಬದಲಾಯಿಸಿ ತೀರ್ಥಳ್ಳಿ ಬಸ್ಸಿಗೆ ಹಾಕ್ತಾರೆ." ಸಂಜೆ ನಾಲ್ಕಕ್ಕೆ ಕಂಪನಿಯವರು ವಿಡಿಯೋದಲ್ಲಿ ಬರುವವರಿದ್ದರು. ಹೊತ್ತು ಸಾಕಷ್ಟಿದೆ ಎಂದುಕೊಂಡು ಸಂಕದ ಹತ್ತಿರ ಹೋಗಿ ನಿಂತೆ.

ಬಸ್ಸು ಬಂತು, ಕಂಡಕ್ಟರು ಬೇಕರಿಯ ಬಿಳಿ ಡಬ್ಬ ಕೊಟ್ಟು "ರೈಟ್" ಎಂದರು. ಕೇಕು ಹಾಕುವ ಡಬ್ಬದಲ್ಲಿ ಬೋರ್ಡು ಇಟ್ಟಿದ್ದಾರಲ್ಲ ಎಂದು ನಗುತ್ತಾ ಮನೆಗೆ ಬಂದೆ. ಮೇಜಿನ ಮೇಲಿಟ್ಟು ದಾರ ಬಿಚ್ಚಿದೆ. ಒಳಗೆ ಹತ್ತಿಯ ಮೇಲೆ ಮೇಲಿನದೂ ಕೆಳಗಿನದೂ ಸೇರಿ ಒಂದು ಸೆಟ್ಟು ಹಲ್ಲು ಕೂತಿತ್ತು. ಹೊಸ ಹಲ್ಲು, ಬೆಳ್ಳಗೆ ಹೊಳೆಯುತ್ತಿತ್ತು. ನಾನು ಅದನ್ನು ನೋಡುತ್ತ, ಅದು ನನ್ನನ್ನು ನೋಡಿ ನಗುತ್ತ, ಸ್ವಲ್ಪ ಹೊತ್ತು ಹಾಗೇ ಇದ್ದೆವು. ಆಮೇಲೆ ಗಡಿಯಾರ ನೋಡಿದೆ.

ರಿಪೇರಿಯವರಿಗೆ ಫೋನ್ ಮಾಡಿದೆ. ಅವರ ಪಕ್ಕದ ಬಾಗಿಲಲ್ಲೇ ಹಲ್ಲಿನ ಡಾಕ್ಟರ ಕ್ಲಿನಿಕ್ಕು. ಇಬ್ಬರೂ ಕೆಳಗಿನ ಬೇಕರಿಯಿಂದಲೇ ಡಬ್ಬ ತರುವುದಂತೆ. ಎರಡೂ ಒಂದೇ ದಾರಿಗೆ ಹೋಗುವುದಲ್ಲ ಎಂದು ಒಂದರ ಮೇಲೊಂದು ಇಟ್ಟು, ಒಂದೇ ದಾರ ಕಟ್ಟಿ, 'ಮೇಲಿಂದು ಸಂಕದ ಸ್ಟಾಪು, ಕೆಳಗಿಂದು ಇನ್ನೂ ಮುಂದೆ, ಕೇಳ್ಕೊಂಡು ಬರ್ತಾರೆ' ಎಂದು ಹೇಳಿ ಕಳಿಸಿದ್ದರು. ಮೇಲೆ, ಕೆಳಗೆ ಎನ್ನುವುದೇ ವಿಳಾಸ. ಅಂದರೆ ಯಾರದೋ ಹಲ್ಲು ನನಗೆ, ನನ್ನ ಬೋರ್ಡು ಯಾರಿಗೋ, ಒಂದು ತಪ್ಪಲ್ಲ, ಎರಡು ತಪ್ಪು ಒಟ್ಟಿಗೆ. ನನ್ನ ಸರ್ಕ್ಯೂಟು ಕೈಚೆಲ್ಲುವ ಜಾಗಕ್ಕೆ ನಾನೇ ಬಂದು ಕೂತಿದ್ದೆ.

ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸುಗಳ ಹೊತ್ತು ನೋಡಿಕೊಳ್ಳುವ ಏಜೆಂಟರ ನಂಬರು ಸಿಕ್ಕಿತು. ಅವರಿಗೆ ಫೋನ್ ಮಾಡಿ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವರು ಪೂರ್ತಿ ಕೇಳಿಸಿಕೊಂಡರು. "ನನ್ ಕೈಗೆ ಬಂದಾಗ ಸರಿ ಇತ್ತು ಅಮ್ಮಾ. ಸ್ಟಾಪು ಬೇರೆ ಬೇರೆ ಅಂತ ದಾರ ಬಿಚ್ಚಿದ್ದು ನಾನೇ. ಬಾನೆಟ್ ಮೇಲೆ ಯಾರೋ ಕಾಯಿ ಚೀಲ ಇಡೋವಾಗ ಎತ್ತಿಟ್ಟು ಮೇಲಿಂದು ಕೆಳಗಾಗಿರ್ಬೇಕು. ಅದಿರ್ಲಿ, ಅಷ್ಟು ಅರ್ಜೆಂಟಿನ ಸಾಮಾನು ಎಂತದು ಅದು?"

ಹೇಳದೆ ದಾರಿ ಇರಲಿಲ್ಲ. "ಅದು ನನ್ನ ಕೆಲ್ಸದ್ದು. ಇವತ್ತು ನಾಲ್ಕು ಗಂಟೆಗೆ ತೋರಿಸ್ಬೇಕು. ತೋರ್ಸಿದ್ರೆ ಕೆಲ್ಸ ಸಿಗ್ತದೆ, ಇಲ್ದಿದ್ರೆ ಇಲ್ಲ" ಎಂದೆ. ಇಷ್ಟು ದಿನ ಅಕ್ಕತಂಗಿಯರಿಗೂ ಹೇಳದೆ ಮುಚ್ಚಿಟ್ಟದ್ದನ್ನು ಮುಖ ನೋಡದ ಮನುಷ್ಯನಿಗೆ ಹೇಳಿದ್ದೆ. ಅವರು "ಫೋನ್ ಕೈಯಲ್ಲೇ ಇಟ್ಕೊಂಡಿರಿ" ಎಂದರು.

ಅಲ್ಲಿಂದ ಮುಂದೆ ನಡೆದದ್ದನ್ನು ನೆನೆದರೆ ಈಗಲೂ ಮನಸ್ಸು ತುಂಬುತ್ತದೆ. ಏಜೆಂಟರು ತೀರ್ಥಹಳ್ಳಿ ಬಸ್ಸಿನ ಕಂಡಕ್ಟರಿಗೆ ಫೋನ್ ಮಾಡಿದರು. ಕಂಡಕ್ಟರು ಆ ದಿನ ಸಂಕ ದಾಟಿದ ಮೇಲೆ ಡಬ್ಬಗಳನ್ನು ಶಾಲೆಯ ಹತ್ತಿರ ಒಂದು, ಹೋಟೆಲಿನ ಹತ್ತಿರ ಒಂದು, ತೀರ್ಥಹಳ್ಳಿ ಸ್ಟ್ಯಾಂಡಿನಲ್ಲಿ ಒಂದು ಎಂದು ಇಳಿಸಿದ್ದರು, ಯಾವುದು ಯಾವ ಬಣ್ಣ ಎಂದು ಅವರಿಗೆ ನೆನಪಿಲ್ಲ. ಬಿಳಿ ಡಬ್ಬ ಎಂದು ಏಜೆಂಟರಿಗೆ ನೆನಪಿದೆ, ಇಳಿದದ್ದು ಎಲ್ಲಿ ಎಂದು ಗೊತ್ತಿಲ್ಲ. ಕ್ಲಿನಿಕ್ಕಿನ ನರ್ಸಮ್ಮನಿಗೆ ಹಲ್ಲು ಯಾರೋ ಅಜ್ಜಂದು, ಊರು ತೀರ್ಥಹಳ್ಳಿಗಿಂತ ಈಚೆ ಎಂದು ಗೊತ್ತಿದೆ. ಸಾಗರದ ಮಗಳ ಮನೆಗೆ ಬಂದಾಗ ಅಳತೆ ಕೊಟ್ಟು ಹೋಗಿದ್ದರಂತೆ, ಫೋನ್ ನಂಬರು ಕೊಟ್ಟಿಲ್ಲ. ಒಬ್ಬೊಬ್ಬರಿಗೂ ಗೊತ್ತಿರುವುದು ತುಣುಕು ಮಾತ್ರ. ಊರು ಈಚೆ ಎಂದಮೇಲೆ ತೀರ್ಥಹಳ್ಳಿ ಸ್ಟ್ಯಾಂಡು ಬಿಟ್ಟುಹೋಯಿತು. ಶಾಲೆಗೆ ಫೋನ್ ಮಾಡಿದರೆ ಅಲ್ಲಿ ಇಳಿದದ್ದು ರಟ್ಟಿನ ಕಂದು ಡಬ್ಬ. ಉಳಿದದ್ದು ಹೋಟೆಲು. ಈ ಜೋಡಣೆಯನ್ನು ನಾನು ಮಾಡಲಿಲ್ಲ, ಏಜೆಂಟರು ಬಸ್ಸು ಬಿಡುತ್ತ ಬಿಡುತ್ತಲೇ ಮಾಡಿದರು. ನಾನು ಹಲ್ಲಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.

ಹೋಟೆಲಿನ ಯಜಮಾನಿ ತಾವೇ ನನಗೆ ಫೋನ್ ಮಾಡಿದರು. "ಬಿಳೀ ಡಬ್ಬ ನಮ್ಮಲ್ಲೇ ಇಳ್ದಿದ್ದು. ಅಜ್ಜ ಬಂದು ತಗೊಂಡೋದ್ರು. ಆಟೋದವ್ನಿಗೆ ಹೇಳಿ ಕಳ್ಸಿದೀನಿ. ನಿಮ್ ಕೆಲ್ಸದ ಸಾಮಾನಂತಲ, ಹೆದ್ರಬ್ಯಾಡಿ." ಅವರಿಗೂ ಗೊತ್ತಾಗಿತ್ತು. ಸಾಗರದಿಂದ ತೀರ್ಥಹಳ್ಳಿಯ ಹತ್ತಿರದವರೆಗೆ ಒಂದು ರಸ್ತೆ ಪೂರ್ತಿ ನನ್ನ ಗುಟ್ಟು ಹರಡಿತ್ತು. ಬೇರೆ ದಿನವಾಗಿದ್ದರೆ ನಾಚಿಕೆಯಿಂದ ನೆಲಕ್ಕಿಳಿದು ಹೋಗುತ್ತಿದ್ದೆ. ಆ ದಿನ ಮಾತ್ರ, ಒಬ್ಬಳೇ ಹೊತ್ತಿದ್ದ ಭಾರವನ್ನು ಯಾರೋ ಪಕ್ಕದಿಂದ ಹಿಡಿದುಕೊಂಡಂತಾಯಿತು.

ವಾಪಸು ಬರುವ ಬಸ್ಸಿಗೆ ಕೊಟ್ಟು ಕಳಿಸುತ್ತಾರೆ ಎಂದುಕೊಂಡು ಮತ್ತೆ ಸಂಕಕ್ಕೆ ಹೋದೆ. ಬಸ್ಸಿನಿಂದ ಡಬ್ಬದ ಜೊತೆ ಅಜ್ಜನೂ ಇಳಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೆ ಟವೆಲು, ಡಬ್ಬವನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದಿದ್ದರು.

"ನಿಂದನಾ ತಂಗಿ ಇದು?" ಎಂದರು. "ಇದ್ರಲ್ಲಿ ನಿನ್ ಕೆಲ್ಸ ಐತೆ ಅಂದ್ಲು ಹೋಟ್ಲಮ್ಮ. ಇನ್ನೊಂದ್ಸಲ ಕಂಡಕ್ಟ್ರ ಕೈಗೆ ಕೊಡೋಕೆ ಮನ್ಸಾಗ್ಲಿಲ್ಲ. ನಾನೇ ಬಂದೆ."

ಮನೆಗೆ ಕರೆದುಕೊಂಡು ಬಂದೆ. ದಾರಿಯಲ್ಲಿ ಹೇಳಿದರು, ಡಬ್ಬ ಬಿಚ್ಚಿದಾಗ ಹಸಿರು ಬೋರ್ಡು ಕಂಡು, ಹಲ್ಲಿನ ಡಾಕ್ಟರು ಇದೇನೋ ಹೊಸ ನಮೂನೆಯದು ಕಳಿಸಿದ್ದಾರೆ ಎಂದುಕೊಂಡರಂತೆ. "ಬಾಯೊಳ್ಗೆ ಹೆಂಗೆ ಹಿಡಿಸ್ತದೆ ಅಂತ ಅಂದಾಜು ಮಾಡ್ತಾ ಇದ್ದೆ. ಅಷ್ಟ್ರಲ್ಲಿ ಆಟೋದವ್ನು ಬಂದ." ಪುಣ್ಯಕ್ಕೆ ರಿಪೇರಿಯವರು ಹಾಕಿಕೊಟ್ಟಿದ್ದ ಕವರಿನಿಂದ ಅವರು ಅದನ್ನು ಹೊರಗೆ ತೆಗೆದಿರಲಿಲ್ಲ. ಮರುದಿನ ಮೊಮ್ಮಗಳ ನಿಶ್ಚಿತಾರ್ಥ, ಅದಕ್ಕಾಗಿ ಹಲ್ಲಿಗೆ ಅವಸರ ಮಾಡಿದ್ದು. ಆದರೂ ಮನೆಗೆ ಬಂದವರು ಮೊದಲು ನನ್ನ ಬೋರ್ಡನ್ನು ಮೇಜಿನ ಮೇಲಿಡಿಸಿ, ಆಮೇಲೆ ತಮ್ಮ ಡಬ್ಬ ತೆಗೆದುಕೊಂಡರು. ಬೆಳಗಿನಿಂದ ಏನೂ ತಿಂದಿಲ್ಲವೆಂದು ಗೊತ್ತಾಗಿ ಮೆತ್ತಗೆ ಅವಲಕ್ಕಿ ನೆನೆಸಿ ಮೊಸರು ಹಾಕಿ ಕೊಟ್ಟೆ.

ಬೋರ್ಡಿಗೆ ಕರೆಂಟು ಕೊಟ್ಟೆ. ದೀಪ ಹತ್ತಿತು. ನನ್ನ ಎನ್‌ಕೋಡರನ್ನೂ, ಓದುವಾಗ ತಪ್ಪು ಹಿಡಿಯುವ ಅದರ ಜೋಡಿ ಸರ್ಕ್ಯೂಟನ್ನೂ ಹಾಕಿದೆ, ಓಡಿತು. ವಾಪಸು ಬಸ್ಸಿಗೆ ಇನ್ನೂ ಹೊತ್ತಿತ್ತು, ಅಜ್ಜ ಜಗಲಿಯಲ್ಲಿ ಕೂತಿರುತ್ತೇನೆ ಎಂದರು. ಒಳಗೇ ಕೂರಿ ಎಂದೆ. ನಾಲ್ಕು ಗಂಟೆಗೆ ಪರದೆಯ ಮೇಲೆ ಕಂಪನಿಯ ಇಬ್ಬರು ಬಂದರು. ಅವರು ಅಲ್ಲಿಂದ ಕಳಿಸಿದ್ದನ್ನು ನನ್ನ ಎನ್‌ಕೋಡರ್ ತೆಗೆದುಕೊಂಡು, ಬೋರ್ಡಿನ ಗಡಿಯಾರದ ಒಂದೇ ಬಡಿತದಲ್ಲಿ ಕಾವಲು ಬಿಟ್‌ಗಳನ್ನು ಸೇರಿಸಿ ಮೆಮೊರಿಗೆ ಕೊಡುತ್ತಿತ್ತು. ಬೇಕೆಂದೇ ಒಂದು ಬಿಟ್ ಕೆಡಿಸಿದರು, ಸರಿಯಾಗಿ ವಾಪಸು ಬಂತು. ಇನ್ನೊಂದು ಕಡೆ ಕೆಡಿಸಿದರು, ಅದೂ ಬಂತು. ನನ್ನ ಬೆನ್ನ ಹಿಂದೆ ಅಜ್ಜ ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದರು.

ಆಮೇಲೆ ಕಂಪನಿಯ ಇಬ್ಬರಲ್ಲಿ ಹಿರಿಯರು ನಾನು ಹೆದರಿದ್ದ ಪ್ರಶ್ನೆಯನ್ನೇ ಕೇಳಿದರು. ಎರಡು ಬಿಟ್ ತಪ್ಪಿದರೆ ನಿಮ್ಮದು ಸರಿಮಾಡುವುದಿಲ್ಲವಲ್ಲ, ಇನ್ನೊಬ್ಬರ ವಿನ್ಯಾಸ ಅದನ್ನೂ ಮಾಡುತ್ತದೆ ಎಂದರು.

ಆ ಪ್ರಶ್ನೆಗೆ ನಾನು ಉತ್ತರ ಬರೆದು ಬಾಯಿಪಾಠ ಮಾಡಿದ್ದೆ. ಅದನ್ನು ಬಿಟ್ಟೆ. ಎರಡು ತಪ್ಪು ಒಟ್ಟಿಗೆ ಆಗುವುದು ಅಪರೂಪ, ಆ ಅಪರೂಪದ ದಿನಕ್ಕಾಗಿ ದಿನನಿತ್ಯದ ಪ್ರತಿಯೊಂದು ಬರಹವನ್ನೂ ತಡಮಾಡಿಸುವುದು ನನಗೆ ಒಪ್ಪಿಗೆಯಿಲ್ಲ ಎಂದೆ. ನನ್ನ ಸರ್ಕ್ಯೂಟು ಎರಡು ತಪ್ಪಿದರೆ ಮುಚ್ಚಿಡುವುದಿಲ್ಲ, ಊಹೆಮಾಡಿ ಸುಳ್ಳು ತಿದ್ದುವುದಿಲ್ಲ, ಆ ಕ್ಷಣವೇ ಕೂಗುತ್ತದೆ. ಕೂಗಿದರೆ ಮೇಲಿನ ಸಾಫ್ಟ್‌ವೇರಿನ ಹತ್ತಿರ ಇನ್ನೊಂದು ಪ್ರತಿ ಇರುತ್ತದೆ, ಸರಿಮಾಡಿಕೊಳ್ಳುತ್ತದೆ. ಕೂಗುವುದು ಸಣ್ಣ ಕೆಲಸ ಎಂದು ನಾನೂ ಇವತ್ತು ಬೆಳಿಗ್ಗೆಯವರೆಗೆ ಅಂದುಕೊಂಡಿದ್ದೆ ಎಂದೂ ಹೇಳಿಬಿಟ್ಟೆ. ಅವರಿಗೆ ಅದರ ಹಿಂದಿನ ಕಥೆ ಗೊತ್ತಿರಲಿಲ್ಲ. ಇಬ್ಬರೂ ಧ್ವನಿ ಆಫ್ ಮಾಡಿಕೊಂಡು ತಮ್ಮಲ್ಲೇ ಮಾತಾಡಿದರು. ಮತ್ತೆ ಆನ್ ಮಾಡಿ, ಮುಂದಿನ ತಿಂಗಳಿಂದ ಶುರುಮಾಡಲು ಆಗುತ್ತದೆಯೇ ಎಂದು ಕೇಳಿದರು.

ಪರದೆ ಮುಚ್ಚಿದ ಮೇಲೆ ತಿರುಗಿ ನೋಡಿದೆ. ಅಜ್ಜನಿಗೆ ನಮ್ಮ ಇಂಗ್ಲಿಷು ಅರ್ಥವಾಗಿರಲಿಲ್ಲ.

"ಎಂತಂದ್ರು?"

"ಸಿಕ್ತು ಅಜ್ಜ."

"ಮತ್ತೆ ಮಧ್ಯದಲ್ಲಿ ಆ ಹಿರೇರು ಮುಖ ಗಂಟು ಹಾಕಿದ್ರಲ, ಎಂತಕ್ಕೆ?"

ಒಂದು ತಪ್ಪಾದರೆ ನನ್ನದು ಸರಿಮಾಡುತ್ತದೆ, ಎರಡಾದರೆ ಬರೀ ಹೇಳುತ್ತದೆ, ಅದು ಅವರಿಗೆ ಸಾಲಲಿಲ್ಲ ಎಂದು ಬಿಡಿಸಿ ಹೇಳಿದೆ. "ಹೇಳಿದ್ರೆ ಸಾಕಲ ತಂಗಿ. ಹೇಳಿದ್ ಮೇಲೆ ನೋಡೋಕೆ ಜನ ಇಲ್ವಾ?" ಎಂದು ಅಜ್ಜ ಟವೆಲು ಕೊಡವಿ ಬಸ್ಸಿಗೆ ಎದ್ದರು. ನಾನು ಸಂಕದವರೆಗೆ ಹೋಗಿ ಹತ್ತಿಸಿ, ಕಾಲಿಗೆ ನಮಸ್ಕಾರ ಮಾಡಿದೆ. ನಾನು ಸುಲಭಕ್ಕೆ ಬಗ್ಗುವವಳಲ್ಲ, ನಮ್ಮ ಮನೆಯವರನ್ನು ಕೇಳಿದರೆ ಹೇಳುತ್ತಾರೆ.

ಮನೆಯವರು ಸಂಜೆ ಬಂದಾಗ ಬಾಗಿಲಲ್ಲೇ ಹೇಳಬೇಕೆಂದು ಕಾಯುತ್ತಿದ್ದೆ. ಅವರು ಚಪ್ಪಲಿ ಬಿಡುತ್ತಲೇ "ಕೆಲ್ಸ ಆಯ್ತಂತಲ" ಎಂದರು. ಕಂಡಕ್ಟರು ಟಿಕೆಟು ಹರಿಯುವಾಗಲೇ ಹೇಳಿದ್ದರಂತೆ. ಅಜ್ಜ ಬಸ್ಸಿನಲ್ಲಿ ಹೇಳಿದ್ದನ್ನು ಒಂದು ಬಸ್ಸು ಇನ್ನೊಂದು ಬಸ್ಸಿಗೆ ಹೇಳಿತ್ತು. ಅಷ್ಟರಲ್ಲಿ ನನ್ನ ಫೋನು ಶುರುವಾಯಿತು. ರಿಪೇರಿಯವರು ಮಾಡಿದರು. ಕ್ಲಿನಿಕ್ಕಿನ ನರ್ಸಮ್ಮ ಮಾಡಿ ಹಲ್ಲಿನದನ್ನೂ ಕೆಲಸದ್ದನ್ನೂ ಕೇಳಿದರು. ಹೋಟೆಲಿನ ಯಜಮಾನಿ, ಅಜ್ಜ ತಮ್ಮಲ್ಲಿ ಕಾಫಿ ಕುಡಿದು ಈಗಷ್ಟೇ ಹೋದರೆಂದು ತಿಳಿಸಿದರು.

ಕೊನೆಗೆ ಹೊಸನಗರದ ಏಜೆಂಟರು. ನಾನೇ ಮಾಡಬೇಕಾಗಿತ್ತು, ಬೆಳಿಗ್ಗೆ ಅಂದದ್ದು ನೆನಪಾಗಿ ಮುಖವಿರಲಿಲ್ಲ.

"ಅಮ್ಮಾ, ನಿಮ್ ಕೆಲ್ಸ ಎಂತಾಯ್ತು? ಇಲ್ಲಿ ಒಬ್ಬೊಬ್ರು ಒಂದೊಂದು ಹೇಳ್ತಿದಾರೆ. ನಿಮ್ ಬಾಯಲ್ಲೇ ಕೇಳಾಣ ಅಂತ ಮಾಡ್ದೆ."

"ಸಿಕ್ತು" ಎಂದೆ.

ಅವರು ಫೋನನ್ನು ಬಾಯಿಂದ ದೂರ ಹಿಡಿದು "ಸಿಕ್ತಂತೆ ಕಣ್ರೋ" ಎಂದು ಯಾರಿಗೋ ಕೂಗಿದರು. ಬಸ್ ಸ್ಟ್ಯಾಂಡಿನ ಗದ್ದಲದ ನಡುವೆ ನಾಲ್ಕಾರು ಗಂಡಸರ ದನಿ ಒಟ್ಟಿಗೆ ಕೇಳಿಸಿತು. ಯಾರೋ ಚಪ್ಪಾಳೆ ತಟ್ಟಿದರು. ಆ ಜನಕ್ಕೆ ನನ್ನ ಹೆಸರೂ ಗೊತ್ತಿಲ್ಲ, ನಾನು ಏನು ಕೆಲಸ ಮಾಡುತ್ತೇನೆಂದೂ ಗೊತ್ತಿಲ್ಲ. ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಅಳುವುದಕ್ಕೆ ಶುರುಮಾಡಿದೆ, ಅವರು ಆ ಕಡೆಯಿಂದ ಫೋನ್ ಇಡದೆ ಸುಮ್ಮನೆ ಕಾದರು.